ಅಂಗಾಲಿನ ಉರಿ ಮತ್ತು ಸೂಕ್ಷ್ಮ ನರಗಳ ಪರೀಕ್ಷೆ

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳ ಸದ್ಭಕ್ತರ ಮನೆಗಳಿಗೆ ನಾವು ಹೋದಾಗ ಹಿರಿಯರ ಬಾಯಿಂದ ಕೇಳಿಬರುವ ವ್ಯಥೆಗಳಲ್ಲಿ ಅಂಗಾಲಿನ ಉರಿಯೂ ಒಂದು. ಹಗಲು ಹೊಲದ ಕೆಲಸದಲ್ಲಿ ಹೇಗೋ ಮರೆತುಹೋಗುವ ಈ ಉರಿಯು ರಾತ್ರಿ ಹಾಸಿಗೆಗೆ ಬೆನ್ನು ಹಚ್ಚಿದೊಡನೆ ಕೆರಳುತ್ತದೆ. ಹೊದಿಕೆ ತಾಗಿದರೂ ಸಹಿಸಲಾಗದು. ಇಂಥವರು ದೂರದ ಊರಿಗೆ ಹೋಗಿ, ವಿದ್ಯುತ್ ಯಂತ್ರದಿಂದ ನರಗಳನ್ನು ಪರೀಕ್ಷಿಸಿಕೊಂಡು, ‘ಎಲ್ಲವೂ ಸರಿಯಾಗಿದೆ’ ಎಂಬ ವರದಿಯೊಡನೆ ಮರಳುವುದುಂಟು. ಆಗ ಮನೆಯವರಿಗೆ ಅಜ್ಜಿಯ ಮಾತಿನಲ್ಲಿಯೇ ಸಂಶಯ ಹುಟ್ಟುತ್ತದೆ. ಈ ಸಂಶಯವು ಅನ್ಯಾಯದ್ದು.

ನರವೆಂದರೆ ಒಂದೇ ತಂತಿಯಲ್ಲ, ಅನೇಕ ಎಳೆಗಳ ಕಟ್ಟು. ದಪ್ಪ ಎಳೆಗಳು ಸ್ಪರ್ಶ, ಕಂಪನಗಳನ್ನು ಸೆಕೆಂಡಿಗೆ ಸುಮಾರು 50 ಮೀಟರ್ ವೇಗದಲ್ಲಿ ಒಯ್ಯುತ್ತವೆ. ಸೂಕ್ಷ್ಮ ಎಳೆಗಳು ಒಯ್ಯುವುದು ನೋವು, ಬಿಸಿ, ತಂಪುಗಳನ್ನು. ಬೆವರಿನ ನಿಯಂತ್ರಣವೂ ಇವುಗಳದೇ. ಇವುಗಳಲ್ಲಿ ಅತಿ ತೆಳುವಾದವುಗಳ ವೇಗ ಸೆಕೆಂಡಿಗೆ ಸುಮಾರು 1 ಮೀಟರ್ ಮಾತ್ರ. ನರ್ವ್ ಕಂಡಕ್ಷನ್ ಎಂಬ ಆ ಯಂತ್ರಪರೀಕ್ಷೆಯು ದಪ್ಪ ಎಳೆಗಳನ್ನಷ್ಟೇ ಅಳೆಯುತ್ತದೆ. ಸೂಕ್ಷ್ಮ ಎಳೆಗಳು ಮಾತ್ರ ಕೆಟ್ಟಿದ್ದರೆ ಅದಕ್ಕೆ ಗೋಚರಿಸದು.

ಈ ಎಳೆಗಳ ಕೆಲಸವನ್ನು ನಮ್ಮ ತಾಯಂದಿರು ಬಲ್ಲರು. ಮೆಣಸಿನಕಾಯಿ ಕುಟ್ಟಿದ ಕೈ ಬೆಂಕಿ ತಾಗಿದಂತೆ ಉರಿಯುವುದೇಕೆ? ಖಾರವೂ ಸುಡುವ ಶಾಖವೂ ಸೂಕ್ಷ್ಮ ನರದ ಒಂದೇ ಬಾಗಿಲನ್ನು ತಟ್ಟುತ್ತವೆ. 1997ರಲ್ಲಿ ಇದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಪ್ರಶಸ್ತಿಯ ಪಾಲು ದೊರೆಯಿತು. (ನಮ್ಮ ಬ್ಯಾಡಗಿ ಕಾಯಿ ಬಣ್ಣಕ್ಕೆ ಹೆಸರಾದುದು, ಖಾರದಲ್ಲಿ ಅದು ಸೌಮ್ಯವೇ.) ರೋಗದಲ್ಲಿಯಾದರೋ ಖಾರವಿಲ್ಲದೆ, ಬೆಂಕಿಯಿಲ್ಲದೆ ಆ ಎಳೆಗಳೇ ಉರಿಯ ಸುದ್ದಿಯನ್ನು ಕಳುಹುತ್ತವೆ.

ಹಾಗಾದರೆ ಇವುಗಳ ಪರೀಕ್ಷೆ ಹೇಗೆ? ಮೊದಲನೆಯದು ತಾಲೂಕಿನ ವೈದ್ಯರೂ ಮಾಡಬಲ್ಲದ್ದು. ಹೊಸ ಸೂಜಿಯ ಮೊನೆಯನ್ನು ಹೆಬ್ಬೆರಳಿನಿಂದ ಮೇಲಕ್ಕೆ ಮೆಲ್ಲನೆ ತಾಗಿಸುತ್ತ, ಚುಚ್ಚಿದ ಅರಿವು ಎಲ್ಲಿ ಬದಲಾಗುತ್ತದೆಂದು ಕೇಳುವುದು. ಬಿಸಿನೀರು ಮತ್ತು ತಣ್ಣೀರಿನ ಗಾಜಿನ ನಳಿಕೆಗಳನ್ನು ತಾಗಿಸಿ ಭೇದವನ್ನು ಕೇಳುವುದು. ಕುಷ್ಠರೋಗದ ಮಚ್ಚೆಗಳನ್ನು ಗುರುತಿಸಲು ವೈದ್ಯರು ಬಹುಕಾಲದಿಂದ ಬಳಸಿದ ಉಪಾಯವೂ ಇದೇ. ಎರಡನೆಯದರಲ್ಲಿ ಪಾದದ ಮೇಲೆ ಚಿಕ್ಕದೊಂದು ಫಲಕವನ್ನಿಟ್ಟು ಅದರ ಶಾಖವನ್ನು ಮೆಲ್ಲಮೆಲ್ಲನೆ ಏರಿಳಿಸುತ್ತಾರೆ. ಬದಲಾವಣೆ ತಿಳಿದೊಡನೆ ರೋಗಿಯು ಗುಂಡಿ ಒತ್ತಬೇಕು. ಇಲ್ಲಿ ಉತ್ತರವು ರೋಗಿಯ ಏಕಾಗ್ರತೆಯನ್ನು ಅವಲಂಬಿಸಿರುವುದರಿಂದ ಅವಸರ ಸಲ್ಲದು. ಮೂರನೆಯದು ಸ್ಕಿನ್ ಬಯಾಪ್ಸಿ. ಹೊರಹರಡಿನ ಮೇಲೆ 10 ಸೆಂಟಿಮೀಟರ್ ಎತ್ತರದಲ್ಲಿ, ಜೋಮು ಹಿಡಿಸುವ ಚುಚ್ಚುಮದ್ದು ಕೊಟ್ಟು, 3 ಮಿಲಿಮೀಟರ್ ಅಗಲದ ಚರ್ಮವನ್ನು ತೆಗೆದು, ಅದರ ಮೇಲ್ಪದರವನ್ನು ಹೊಕ್ಕ ನರದೆಳೆಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸುತ್ತಾರೆ. ಬೆವರನ್ನು ಅಳೆಯುವ ಪರೀಕ್ಷೆಗಳೂ ಇವೆ. ಸೂಜಿಯ ಪರೀಕ್ಷೆಯನ್ನುಳಿದು ಮಿಕ್ಕವಕ್ಕೆ ದೊಡ್ಡ ನರರೋಗ ಕೇಂದ್ರಗಳಿಗೇ ಹೋಗಬೇಕು.

ಆದರೆ ಎಲ್ಲರೂ ಅಷ್ಟು ದೂರ ಹೋಗಬೇಕಾಗಿಲ್ಲವೆಂಬುದು ನಮ್ಮ ಅಭಿಪ್ರಾಯ. ಉರಿಯ ಕಾರಣವನ್ನು ಮೊದಲು ರಕ್ತದಲ್ಲಿ ಹುಡುಕಬೇಕು. ಸಕ್ಕರೆ ಕಾಯಿಲೆಯೇ ಇದರ ದೊಡ್ಡ ಕಾರಣ. ಥೈರಾಯ್ಡ್ ಮತ್ತು ಬಿ-12 ಜೀವಸತ್ವವನ್ನೂ ನೋಡಿಸಬೇಕು. ಶಾಕಾಹಾರಿಗಳಾದ ನಮಗೆ ಬಿ-12 ಮುಖ್ಯವಾಗಿ ಹಾಲು ಮೊಸರಿನಿಂದ ಬರತಕ್ಕದ್ದು. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹುಕಾಲ ಸೇವಿಸಿದರೆ ಅದು ಇನ್ನೂ ತಗ್ಗಬಹುದು. ಹಾಗೆಂದು ಮಾತ್ರೆಯನ್ನು ತಾವಾಗಿ ಬಿಡಬಾರದು, ವೈದ್ಯರನ್ನು ಕೇಳಬೇಕು.

ಉರಿಗಿಂತ ಅಪಾಯಕರವಾದುದು ಉರಿ ನಿಂತ ಬಳಿಕ ಬರುವ ಮರಗಟ್ಟುವಿಕೆ. ಗುಣವಾಯಿತೆಂದು ಸಂತೋಷಪಡುವಾಗಲೇ ಪಾದವು ಬಿಸಿಯ ಅರಿವನ್ನು ಕಳೆದುಕೊಂಡಿರುತ್ತದೆ. ಬೇಸಗೆಯ ಜಾತ್ರೆಯಲ್ಲಿ ಕಾದ ಕಲ್ಲುಹಾಸಿನ ಮೇಲೆ ಬರಿಗಾಲಿನಲ್ಲಿ ನಡೆದವರಿಗೆ ಬೊಬ್ಬೆಯೆದ್ದುದು ಮನೆಗೆ ಬಂದ ಮೇಲೆಯೇ ತಿಳಿಯುವುದು. ಇಂಥವರು ದಪ್ಪ ಕಾಲುಚೀಲ ತೊಟ್ಟು ಪ್ರಾಂಗಣಕ್ಕೆ ಬಂದರೆ ಭಕ್ತಿಗೆ ಕುಂದಿಲ್ಲ. ತಡೆಯುವವರಿಗೆ ಹಿರಿಯರು ತಿಳಿಹೇಳಬೇಕು. ಮಲಗುವ ಮುನ್ನ ಅಂಗಾಲುಗಳನ್ನು ದಿನವೂ ಯಾರಾದರೂ ನೋಡಲಿ. ಬಚ್ಚಲ ನೀರಿನ ಬಿಸಿಯನ್ನು ಅಜ್ಜನು ತನ್ನ ಪಾದದಿಂದ ಅಳೆಯದಿರಲಿ. ಮಗನೋ ಸೊಸೆಯೋ ಮೊಣಕೈ ಅದ್ದಿ ನೋಡಿ ಹೇಳಲಿ.