ಕಡಕೊಳದಲ್ಲೊಂದು ಕಡಲು

ಕಡಕೊಳವೆಂಬ ಹೆಸರಿನಲ್ಲಿ ಕೊಳವೊಂದು ಕೇಳಿಸುವುದೇ ಹೊರತು ಕಡಲು ಕೇಳಿಸುವುದಿಲ್ಲ. ಮೈಸೂರಿನಿಂದ ನಂಜನಗೂಡಿಗೆ ಹೋಗುವ ಹಾದಿಯಲ್ಲಿರುವ ಈ ಊರು ಸಮುದ್ರಮಟ್ಟದಿಂದ ಎರಡು ಸಾವಿರ ಅಡಿಗೂ ಮೇಲಿದೆ. ಮಂಗಳೂರಿನ ದಡ ಘಟ್ಟವಿಳಿದು ಸುಮಾರು 250 ಕಿಲೋಮೀಟರು ದೂರ. ಈ ಸೀಮೆಯಲ್ಲಿ ಬಿದ್ದ ಮಳೆ ಕಪಿಲೆಯನ್ನು ಸೇರಿ, ತಿರುಮಕೂಡಲಿನಲ್ಲಿ ಕಾವೇರಿಯೊಡನೆ ಬೆರೆತು, ತಮಿಳು ನಾಡನ್ನು ದಾಟಿ ಬಂಗಾಳ ಕೊಲ್ಲಿಯನ್ನು ಮುಟ್ಟುತ್ತದೆ. ನಮ್ಮ ನೀರು ಕಡಲಿಗೆ ಹೋಗುವ ದಾರಿ ಹೀಗೆ ಅನಾದಿಯಿಂದ ಸಿದ್ಧವಾಗಿದೆ. ಕಡಲು ನಮ್ಮಲ್ಲಿಗೆ ಬರಬೇಕಾದರೆ ಮಾತ್ರ ಪ್ಲಾಸ್ಟಿಕ್ ಚೀಲದಲ್ಲಿ, ಪುಡಿಯಾಗಿ, ತೂಕದ ಲೆಕ್ಕದಲ್ಲಿ ಬರಬೇಕು.

ಅಂಥ ಪುಡಿಯನ್ನು ಲೀಟರಿಗೆ ಸುಮಾರು 35 ಗ್ರಾಮಿನಂತೆ ಶುದ್ಧ ನೀರಿನಲ್ಲಿ ಕರಗಿಸಿ, ಎರಡಡಿಯ ಗಾಜಿನ ತೊಟ್ಟಿಯೊಂದರಲ್ಲಿ ಒಂದೂವರೆ ವರ್ಷದಿಂದ ನಮ್ಮ ಮನೆಯ ನಡುಮನೆಯಲ್ಲಿ ಇರಿಸಿಕೊಂಡಿದ್ದೇವೆ. ತೊಟ್ಟಿಯ ಅಳತೆ 65 ಲೀಟರು. ಅದರಲ್ಲಿ ಕ್ಲೌನ್ ಮೀನೆಂಬ ಜಾತಿಯ ಎರಡು ಜೀವಗಳಿವೆ; ಕಿತ್ತಳೆ ಬಣ್ಣದ ಮೈಗೆ ಬಿಳಿಯ ಪಟ್ಟೆ ಸುತ್ತಿಕೊಂಡು, ಸಂಸ್ಕೃತ ನಾಟಕದ ವಿದೂಷಕನಂತೆ ಗಂಭೀರ ಮುಖ ಮಾಡಿಕೊಂಡೇ ನಗಿಸುವಂಥವು. ಈಗ ಮನೆಯ ಮುಂದಿರುವ ಪ್ರಶ್ನೆ, ಈ ಎರಡಡಿಯನ್ನು ನಾಲ್ಕಡಿ ಮಾಡಬೇಕೆ ಎಂಬುದು. ಇಂಥ ಸಣ್ಣ ವಿಷಯಕ್ಕೆ ಭಾನುವಾರದ ಪುಟವೇಕೆಂದು ಓದುಗರು ಹುಬ್ಬೇರಿಸಬಹುದು. ಬಟ್ಟೆ ಚಿಕ್ಕದಾದರೆ ದೊಡ್ಡದನ್ನು ಹೊಲಿಸುತ್ತೇವೆ, ಮನೆ ಚಿಕ್ಕದಾದರೆ ಮೇಲೊಂದು ಕೋಣೆ ಎಬ್ಬಿಸುತ್ತೇವೆ. ಅಲ್ಲೆಲ್ಲ ತಪ್ಪಿದರೆ ಹೋಗುವುದು ಹಣ. ಇಲ್ಲಿ ಲೆಕ್ಕ ತಪ್ಪಿದರೆ ಹೋಗುವುದು ಬಾಯಿಲ್ಲದ ಇನ್ನೊಂದು ಜೀವ.

ಮೈಸೂರಿನ ಅಂಗಡಿಯವರ ಅಭಿಪ್ರಾಯದಲ್ಲಿ ಪ್ರಶ್ನೆಗೆ ಎಡೆಯೇ ಇಲ್ಲ. "ದೊಡ್ಡದು ತೊಗೊಳ್ಳಿ ಮೇಷ್ಟ್ರೇ. ಹೊಸಬರಿಗೆ ದೊಡ್ಡ ತೊಟ್ಟಿಯೇ ಸುಲಭ" ಎಂದರು. ವ್ಯಾಪಾರಿಯ ಬಾಯಲ್ಲಿ ಇಂಥ ಮಾತು ಬಂದಾಗ ನಮ್ಮಂಥವರು ಜೇಬು ಮುಟ್ಟಿ ನೋಡಿಕೊಳ್ಳುವುದು ಸಹಜ. ಆದರೆ ಈ ಮಾತು ವ್ಯಾಪಾರದ್ದಷ್ಟೇ ಅಲ್ಲ. ಬಲ್ಲವರೆಲ್ಲರೂ ಆಡುವ ಮಾತು. ಅದರ ಹಿಂದೆ ರಸಾಯನಶಾಸ್ತ್ರವಿದೆ.

ಮೀನು ತಿಂದು ಬಿಟ್ಟದ್ದೆಲ್ಲ ಅಮೋನಿಯವಾಗುತ್ತದೆ. ಅದು ಮೀನಿಗೆ ವಿಷ. ಕಲ್ಲಿನ ಮೇಲೆ, ಮರಳಿನ ನಡುವೆ, ಸೋಸುವ ಸ್ಪಂಜಿನ ಸಂದಿಗಳಲ್ಲಿ ನೆಲಸಿದ ಬ್ಯಾಕ್ಟೀರಿಯಗಳು ಅದನ್ನು ಮೊದಲು ನೈಟ್ರೈಟಾಗಿ, ಅನಂತರ ಅಷ್ಟು ಕೇಡಿಲ್ಲದ ನೈಟ್ರೇಟಾಗಿ ಮಾರ್ಪಡಿಸುತ್ತವೆ. ಸುಮಾರು 1890ರಲ್ಲಿ ವಿನೊಗ್ರಾಡ್ಸ್ಕಿ ಎಂಬ ರಷ್ಯದ ವಿಜ್ಞಾನಿ ಹೊಲದ ಮಣ್ಣಿನಲ್ಲಿ ಗುರುತಿಸಿದ ಕ್ರಿಯೆ ಇದೇ. ಹೊಸ ತೊಟ್ಟಿಯಲ್ಲಿ ಈ ಅದೃಶ್ಯ ಸಂಸಾರ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅದು ನೆಲಸಿದ ಮೇಲೂ ಹೊಸಬನ ಕೈ ತುಸು ಜಾರಿ ಒಂದು ಚಿಟಿಕೆ ಆಹಾರ ಹೆಚ್ಚಾಯಿತೆನ್ನಿ: 65 ಲೀಟರಿನಲ್ಲಿ ಹುಟ್ಟುವಷ್ಟೇ ವಿಷ 324 ಲೀಟರಿನಲ್ಲಿ ಹುಟ್ಟಿದರೆ ಅದರ ತೀಕ್ಷ್ಣತೆ ಐದರಲ್ಲೊಂದು ಪಾಲು. ಏಪ್ರಿಲ್ ತಿಂಗಳ ಮಧ್ಯಾಹ್ನದ ಕಾವೂ ಹಾಗೆಯೇ. ಹಂಡೆಯ ನೀರು ಚೊಂಬಿನ ನೀರಿಗಿಂತ ನಿಧಾನವಾಗಿ ಬಿಸಿಯಾಗುತ್ತದೆ. ನೀರಿನ ರಾಶಿಯೇ ಒಂದು ಬಗೆಯ ಕ್ಷಮಾಗುಣ. ಅಂಗಡಿಯವರ ಮಾತಿನಲ್ಲಿ ಇಷ್ಟು ಸತ್ಯವಿದೆ, ಒಪ್ಪಿದೆ.

ಆದರೆ ಕಾಗದ ಪೆನ್ಸಿಲು ಹಿಡಿದು ಕುಳಿತಾಗ ಉಪ್ಪಿನ ಲೆಕ್ಕ ಅಷ್ಟು ಉದಾರವಾಗಿ ಬರಲಿಲ್ಲ. ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಉಳಿದ ನೀರು ದಿನದಿನಕ್ಕೆ ಉಪ್ಪಾಗುತ್ತ ಹೋಗುತ್ತದೆ. ಬೇಸಗೆಯಲ್ಲಿ ನಮ್ಮ ತೊಟ್ಟಿಯಿಂದ ದಿನಕ್ಕೊಂದು ಲೀಟರು ಆರುತ್ತದೆಂದು ಇಟ್ಟುಕೊಳ್ಳೋಣ. ಒಂದು ವಾರ ಯಾರೂ ಸಿಹಿನೀರು ತುಂಬದಿದ್ದರೆ 35 ಗ್ರಾಮಿನ ಲವಣಾಂಶ 39ಕ್ಕೆ ಏರುತ್ತದೆ. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಎರಡಡಿ ಆಳದ ತೊಟ್ಟಿಯ ಬಾಯಿ ನಮ್ಮದರ ಮೂರರಷ್ಟು. ಆರುವ ನೀರೂ ಮೂರರಷ್ಟು. ಅಲ್ಲಿ ಅದೇ ವಾರದಲ್ಲಿ ಲವಣಾಂಶ 37ನ್ನು ದಾಟುತ್ತದೆ. ನೀರು ಐದರಷ್ಟಾದರೂ ನೆಮ್ಮದಿ ಐದರಷ್ಟಾಗಲಿಲ್ಲ. ದಿನವೂ ಬೆಳಗ್ಗೆ ಕಾಫಿಗೆ ಮೊದಲು ಒಂದು ಲೀಟರು ಸಿಹಿನೀರು ಸುರಿಯುವ ಅಭ್ಯಾಸವಿದ್ದವನಿಗೆ ಈ ವ್ಯತ್ಯಾಸದಿಂದ ಆಗುವ ಲಾಭ ಅಲ್ಪ. ಅಭ್ಯಾಸವಿಲ್ಲದವನನ್ನು ನಾಲ್ಕಡಿಯೂ ಕಾಪಾಡಲಾರದು.

ಇಂಗ್ಲೆಂಡಿನಲ್ಲಿ ಈ ವಿನೋದ ಹುಟ್ಟಿದ ಕಾಲದಲ್ಲಿ ಉಪ್ಪಿನ ಪುಡಿಯೂ ಇರಲಿಲ್ಲ, ಪಂಪೂ ಇರಲಿಲ್ಲ. 1846ರಲ್ಲಿ ಆನಾ ಥಿನ್ ಎಂಬ ಮಹಿಳೆ ಟಾರ್ಕೀ ಕಡಲತೀರದಿಂದ ಜೀವಂತ ಹವಳಗಳನ್ನು ಲಂಡನ್ನಿಗೆ ತಂದರು. ಅವುಗಳಿಗೆ ಉಸಿರು ದೊರಕಿಸಲು ಅವರ ಮನೆಯ ಕೆಲಸದಾಕೆ ತೆರೆದ ಕಿಟಕಿಯ ಬಳಿ ನಿಂತು ಸಮುದ್ರದ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎತ್ತಿ ಹೊಯ್ಯುತ್ತಿದ್ದಳಂತೆ, ನಮ್ಮಲ್ಲಿ ಕಾಫಿಯನ್ನು ಆರಿಸುವಂತೆ. ಆ ಹವಳಗಳು ಸುಮಾರು ಮೂರು ವರ್ಷ ಬದುಕಿದವು. ಯಜಮಾನತಿಯ ಹೆಸರು ಚರಿತ್ರೆಯಲ್ಲಿ ಉಳಿಯಿತು. ನೀರು ಹೊಯ್ದ ತೋಳಿನ ಹೆಸರು ಉಳಿಯಲಿಲ್ಲ. ದೊಡ್ಡ ತೊಟ್ಟಿಯ ವಿಚಾರ ಬಂದಾಗಲೆಲ್ಲ ಆ ತೋಳು ನನಗೆ ನೆನಪಾಗುತ್ತದೆ.

ಮುಂದೆ 1853ರಲ್ಲಿ ಲಂಡನ್ನಿನ ಮೃಗಾಲಯ ಸಾರ್ವಜನಿಕರಿಗಾಗಿ ಮತ್ಸ್ಯಗೃಹವನ್ನು ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಬರೆದ 'ದಿ ಅಕ್ವೇರಿಯಂ' ಪುಸ್ತಕ ಮನೆಮನೆಯಲ್ಲಿ ಗಾಜಿನ ಸಮುದ್ರದ ಆಸೆ ಹುಟ್ಟಿಸಿತು. ಜನ ಬುಟ್ಟಿ ಹಿಡಿದು ಕಡಲತೀರಕ್ಕೆ ನುಗ್ಗಿದರು. ಆತನ ಮಗ ಎಡ್ಮಂಡ್ ಗಾಸ್ 1907ರಲ್ಲಿ ಪ್ರಕಟಿಸಿದ 'ಫಾದರ್ ಅಂಡ್ ಸನ್' ಎಂಬ ಆತ್ಮಕಥನವನ್ನು ಇಂಗ್ಲಿಷ್ ಸಾಹಿತ್ಯದ ವಿದ್ಯಾರ್ಥಿಗಳು ಬಲ್ಲರು. ತಂದೆ ಮಗ ಕೂಡಿ ಮಂಡಿಯೂರಿ ನೋಡಿದ್ದ ಬಂಡೆಗಳ ನಡುವಣ ಚೆಲುವಾದ ನೀರಗುಂಡಿಗಳು ಹವ್ಯಾಸಿಗಳ ಕೈಯಲ್ಲಿ ಬರಿದಾದುದನ್ನು, ಆ ವಿನಾಶಕ್ಕೆ ತನ್ನ ತಂದೆಯ ಪುಸ್ತಕಗಳೇ ಕಾರಣವಾದುದನ್ನು ಆತ ನೋವಿನಿಂದ ಬರೆದಿದ್ದಾನೆ. ಪ್ರೀತಿಯೂ ಸೂರೆ ಮಾಡಬಲ್ಲದೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷ್ಯವನ್ನು ನಾನು ಓದಿಲ್ಲ.

ನಮ್ಮವರೇನು ಹಿಂದೆ ಬಿದ್ದವರಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಮೂರನೆಯ ಸೋಮೇಶ್ವರ ತನ್ನ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಭಾಗವನ್ನಿಟ್ಟು, ಕಡಲ ಮೀನು ಹೊಳೆಯ ಮೀನುಗಳನ್ನು ವಿಂಗಡಿಸಿ, ಅವುಗಳಿಗೆ ಹಾಕಬೇಕಾದ ಆಹಾರವನ್ನೂ ಹೇಳುತ್ತಾನೆ. ಆದರೆ ಅರಸನ ಉಪಚಾರ ಗಾಳಕ್ಕೆ ಮುನ್ನುಡಿ. ಆದುದರಿಂದ ಆತನ ಸಲಹೆ ನನಗೆ ಪ್ರಯೋಜನಕ್ಕೆ ಬರಲಿಲ್ಲ. ಪ್ರಯೋಜನಕ್ಕೆ ಬಂದುದು ಅದಕ್ಕಿಂತ ಬಹು ಹಳೆಯ ಕಥೆ. ಶತಪಥ ಬ್ರಾಹ್ಮಣದಲ್ಲಿ ಮನುವಿನ ಕೈನೀರಿಗೆ ಪುಟ್ಟ ಮೀನೊಂದು ಬಂದು, ತನ್ನನ್ನು ಕಾಪಾಡೆಂದು ಬೇಡುತ್ತದೆ. ಆತ ಕೊಡದಲ್ಲಿ ಇರಿಸುತ್ತಾನೆ. ಕೊಡಕ್ಕೆ ಮೀರಿ ಬೆಳೆದಾಗ ಗುಂಡಿ ತೋಡುತ್ತಾನೆ. ಗುಂಡಿಗೂ ಮೀರಿದಾಗ ಸಮುದ್ರಕ್ಕೆ ಒಯ್ಯುತ್ತಾನೆ. ತೊಟ್ಟಿ ಬದಲಿಸಿದವರಲ್ಲಿ ಮನುವೇ ಮೊದಲಿಗನೆಂದು ತರಗತಿಯಲ್ಲಿ ಹೇಳಿದರೆ ಹುಡುಗರು ನಗುತ್ತಾರೆ. ಆದರೆ ಆ ಕಥೆಯಲ್ಲಿ ಗಮನಿಸಬೇಕಾದುದೊಂದಿದೆ: ಕೊಡ ಸಾಲದೆಂದು ತೀರ್ಮಾನಿಸುವವನು ಮನುವಲ್ಲ, ಮೀನು. ಬೆಳೆದಂತೆ ತನ್ನನ್ನು ಎಲ್ಲೆಲ್ಲಿಗೆ ಒಯ್ಯಬೇಕೆಂದು ಅದೇ ಮೊದಲು ಹೇಳಿಬಿಟ್ಟಿರುತ್ತದೆ.

ನಮ್ಮ ತೊಟ್ಟಿಯ ಮೀನು ಕೇಳಿದೆಯೆ? ಪೂರ್ತಿ ಬೆಳೆದರೂ ಮೂರು ಅಂಗುಲದ ಆಚೀಚೆ ಇರುವ ಪ್ರಾಣಿ ಅದು. ಸಮುದ್ರದಲ್ಲಿರುವಾಗಲೂ ಅದು ಲೋಕಸಂಚಾರಿಯಲ್ಲ. ಅನಿಮೋನಿ ಎಂಬ, ಹೂವಿನಂತೆ ಕಾಣುವ, ಮುಟ್ಟಿದರೆ ಕುಟುಕುವ ಪ್ರಾಣಿಯೊಂದರ ಎಳೆಗಳ ನಡುವೆ ಮನೆ ಮಾಡಿಕೊಂಡು, ಅಲ್ಲಿಂದ ಕೆಲವು ಮೀಟರು ಹೋದರೆ ಅದೇ ಅದಕ್ಕೆ ದೂರಪ್ರಯಾಣ. ಜೋಡಿಯಲ್ಲಿ ದೊಡ್ಡದು ಹೆಣ್ಣು. ಅದು ಸತ್ತರೆ ಗಂಡೇ ಹೆಣ್ಣಾಗಿ ಮಾರ್ಪಡುತ್ತದೆ. ಊರು ಬಿಡುವುದಕ್ಕಿಂತ ಲಿಂಗ ಬದಲಿಸುವುದೇ ಮೇಲೆಂದು ಬಗೆದ ಈ ಗೃಹಸ್ಥನಿಗೆ ನಾಲ್ಕಡಿಯ ಬಯಲು ಬೇಕೇ ಬೇಕೆಂದು ಸಾಧಿಸುವುದು ಕಷ್ಟ. ಆದರೆ 65 ಲೀಟರು ಬಿಗಿಯಾಯಿತೆಂಬುದೂ ನಿಜ. ಮೀನಿನ ಮೈಗಲ್ಲ, ಅದರ ಸುತ್ತಣ ನೀರಿನ ಸ್ಥಿರತೆಗೆ. ಮತ್ತೊಂದು ಮಾತು. ಈ ಜಾತಿ ಮನೆಯ ತೊಟ್ಟಿಗಳಲ್ಲಿ ಇಪ್ಪತ್ತು ವರ್ಷ ಮೀರಿ ಬದುಕಿದ ಉದಾಹರಣೆಗಳಿವೆ. ನಾನು ನಿವೃತ್ತನಾಗುವುದನ್ನು ನೋಡಲು ಇವು ಇರಬಹುದು.

ನಾಲ್ಕಡಿಯನ್ನು ನಿಜವಾಗಿ ಕೇಳುತ್ತಿರುವುದು ಇನ್ನೂ ಮನೆಗೆ ಬಾರದ ಮೀನು. ನನ್ನ ಮಗಳು ಪಿ.ಯು.ಸಿ. ವಿಜ್ಞಾನದ ವಿದ್ಯಾರ್ಥಿನಿ. ತೊಟ್ಟಿಯ ಉಪ್ಪು, ಉಷ್ಣತೆಗಳನ್ನು ದಿನವೂ ನೋಟುಪುಸ್ತಕದಲ್ಲಿ ಬರೆದಿಡುವವಳು ಅವಳೇ. ಅಂಗಡಿಯಲ್ಲಿ ಬ್ಲೂ ಟ್ಯಾಂಗ್ ಎಂಬ ಮೀನನ್ನು ಅವಳು ಕಂಡಳು. ಹಬ್ಬದ ರೇಷ್ಮೆಯ ನೀಲಿ, ಬಾಲದಲ್ಲಿ ಅರಿಸಿನ. "ಅಪ್ಪ, ನಾಲ್ಕಡಿ ಆದರೆ ಇದನ್ನೂ ಇಡಬಹುದಂತೆ" ಎಂದಳು. ಅಂಗಡಿಯ ಮರಿ ಎರಡಂಗುಲ ಉದ್ದವಿದ್ದಿತು. ಬೆಳೆದರೆ ಒಂದಡಿಯ ಹತ್ತಿರ ಹೋಗುತ್ತದೆ. ಹವಳದ ದಿಬ್ಬಗಳ ಮೇಲೆ ದಿನವಿಡೀ ಈಜುವ ಜೀವ ಅದು. ಅದಕ್ಕೆ ನಾಲ್ಕಡಿಯೆಂದರೆ ನಾಲ್ಕು ಬಾಲಬೀಸು. ಮನುವಿನ ಮೀನೆಂದರೆ ಇದೇ. ನಾಲ್ಕಡಿ ಸಾಲದೆಂದು ಅದು ಒಂದು ದಿನ ಹೇಳಿಯೇ ಹೇಳುತ್ತದೆ. ಆಗ ಕೊಂಡೊಯ್ದು ಬಿಡಲು ಕಡಕೊಳದಲ್ಲಿ ಸಮುದ್ರವಿಲ್ಲ.

ಅದು ಎಲ್ಲಿಂದ ಬರುತ್ತದೆಂಬುದೂ ಇದೆ. ಕ್ಲೌನ್ ಮೀನನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿದ್ಯೆ ನಮ್ಮ ದೇಶದಲ್ಲಿಯೇ ಸಿದ್ಧಿಸಿದೆ. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಅದನ್ನು ಸಾಧಿಸಿ, ಕರಾವಳಿಯ ಜನರಿಗೆ ಕಲಿಸಿಯೂ ಇದ್ದಾರೆ. ಬ್ಲೂ ಟ್ಯಾಂಗನ್ನಾದರೋ ಅಮೆರಿಕದ ಫ್ಲಾರಿಡ ವಿಶ್ವವಿದ್ಯಾನಿಲಯದವರು ಮೊಟ್ಟಮೊದಲು ತೊಟ್ಟಿಯಲ್ಲಿ ಮರಿ ಮಾಡಿಸಿ ಬೆಳೆಸಿದುದು 2016ರಲ್ಲಿ. ಮಾರುಕಟ್ಟೆಗೆ ಬರುವವುಗಳಲ್ಲಿ ಹೆಚ್ಚಿನವು ಸಮುದ್ರದಿಂದ ಹಿಡಿದವೇ. ಹವಳದ ವಿಷಯದಲ್ಲಿ ನಮ್ಮ ಕಾನೂನು ಸ್ಪಷ್ಟವಾಗಿದೆ: 2001ರಲ್ಲಿ ಕಲ್ಲುಹವಳಗಳನ್ನೂ ಕಡಲ ಕುದುರೆಗಳನ್ನೂ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ, ಎಂದರೆ ಹುಲಿಯ ಪಂಕ್ತಿಗೆ, ಸೇರಿಸಲಾಯಿತು. ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಸುತ್ತಲಿನ ಹವಳ ಅಲ್ಲಿಯೇ ಇರಲೆಂಬುದು ಇದರ ಅರ್ಥ. ದೊಡ್ಡ ತೊಟ್ಟಿ ಕೊಂಡವನಿಗೆ ಖಾಲಿ ಜಾಗ ಕಣ್ಣಿಗೆ ಚುಚ್ಚುತ್ತದೆ; ತುಂಬಲು ಹೊರಟಾಗ ಕೈ ಎಲ್ಲಿಗೆ ಚಾಚೀತೆಂದು ಹೇಳಲಾಗದು. ನನಗೆ ಹೆದರಿಕೆಯಿರುವುದು ನೀರಿನದಲ್ಲ, ಈ ಖಾಲಿ ಜಾಗದ್ದು.

ಇನ್ನು ಆ ಹೆಸರುಳಿಯದ ತೋಳಿನ ಲೆಕ್ಕ. ನಮ್ಮ ಬೋರ್‌ವೆಲ್ಲಿನ ಗಡಸು ನೀರು ಇದಕ್ಕಾಗದು. ಸೋಸುವ ಯಂತ್ರ ಒಂದು ಬಿಂದಿಗೆ ಶುದ್ಧ ನೀರು ಕೊಡುವಾಗ ಎರಡು ಮೂರು ಬಿಂದಿಗೆಯನ್ನು ಹೊರಗೆ ಚೆಲ್ಲುತ್ತದೆ. ಅದನ್ನು ಪಾತ್ರೆಗೆ, ಗಿಡಕ್ಕೆ ಬಳಸಬಹುದು, ಆದರೂ 324 ಲೀಟರು ತುಂಬುವ ಹೊತ್ತಿಗೆ ಸಾವಿರ ಲೀಟರು ಎತ್ತಿದಂತಾಗುತ್ತದೆ. ವಾರಕ್ಕೆ ಹತ್ತರಲ್ಲೊಂದು ಪಾಲು ನೀರು ಬದಲಿಸಬೇಕೆಂದರೆ 32 ಲೀಟರು ಸಿಹಿನೀರು, ಒಂದು ಕಿಲೋಗಿಂತ ಹೆಚ್ಚು ಉಪ್ಪು. ತುಂಬಿದ ತೊಟ್ಟಿ ಗಾಜು ಮರಳು ಸೇರಿ ನಾಲ್ಕೂವರೆ ಕ್ವಿಂಟಲು ತೂಗುತ್ತದೆ. ವಿದ್ಯುತ್ತು ಹೋದಾಗ ಪಂಪು ನಿಲ್ಲುತ್ತದೆ. ಬೆಚ್ಚಗಿನ ಉಪ್ಪುನೀರಿನಲ್ಲಿ ಆಮ್ಲಜನಕ ಮೊದಲೇ ಕಡಿಮೆ. ಎರಡು ಮೀನಿಗಾದರೆ ಬ್ಯಾಟರಿಯ ಪುಟ್ಟ ಗಾಳಿಯಂತ್ರ ಸಾಕು. ಹತ್ತು ಮೀನಿಗೆ ಯು.ಪಿ.ಎಸ್. ಬೇಕು, ಬೇಸಗೆಗೆ ನೀರು ತಣಿಸುವ ಯಂತ್ರ ಬೇಕು. ಆಗ ತಿಂಗಳ ವಿದ್ಯುತ್ತಿನ ಚೀಟಿಯನ್ನು ನನ್ನ ಹೆಂಡತಿಯಿಂದ ಬಚ್ಚಿಡುವ ಉಪಾಯವನ್ನೂ ಹುಡುಕಬೇಕಾಗುತ್ತದೆ.

ಇಷ್ಟೆಲ್ಲ ತೂಗಿದ ಮೇಲೆ ಮೂರಡಿಯ ತೊಟ್ಟಿಗೆ ಹೇಳಿ ಬಂದಿದ್ದೇನೆ: 180 ಲೀಟರು. ವಾರಕ್ಕೆ 18 ಲೀಟರು ನೀರನ್ನು ನಾನೊಬ್ಬನೇ ಎತ್ತಬಲ್ಲೆ. ಅಳತೆ ನಿಂತದ್ದು ಅಲ್ಲಿ. ಅದರೊಳಕ್ಕೆ ಹೋಗುವುದು ಇದೇ ಎರಡು ಮೀನು. ಒಂದು ವರ್ಷ ಮೂರನೆಯದನ್ನು ತರುವುದಿಲ್ಲವೆಂದು ಮನೆಯಲ್ಲಿ ಮಾತಾಗಿದೆ. ಬ್ಯಾಕ್ಟೀರಿಯ ಇರುವುದು ಬರಿಯ ನೀರಿನಲ್ಲಿ ಅಲ್ಲವಾದುದರಿಂದ ಹಳೆಯ ಕಲ್ಲುಗಳಲ್ಲಿ ಅರ್ಧವನ್ನು, ಒಂದು ಸ್ಪಂಜನ್ನು ಹೊಸ ತೊಟ್ಟಿಗೆ ಮೊದಲೇ ಸಾಗಿಸುತ್ತೇವೆ. ಅಮೋನಿಯ, ನೈಟ್ರೈಟುಗಳ ಪರೀಕ್ಷೆ ಸತತವಾಗಿ ಸೊನ್ನೆ ತೋರಿಸುವವರೆಗೆ ಮೀನುಗಳು ಎರಡಡಿಯಲ್ಲೇ ಇರುತ್ತವೆ. ಆಮೇಲೂ ಎರಡಡಿಯನ್ನು ಮಾರುವುದಿಲ್ಲ. ಮುಂದೆಂದಾದರೂ ಹೊಸ ಮೀನು ಬಂದರೆ, ಬಿಳಿಚುಕ್ಕೆಯಂಥ ರೋಗವನ್ನು ಹೊತ್ತು ತಂದಿಲ್ಲವೆಂದು ಖಾತ್ರಿಯಾಗುವವರೆಗೆ, ನಾಲ್ಕು ವಾರ ಅದನ್ನು ಬೇರೆ ಇಡಲು ಬೇಕಾಗುತ್ತದೆ.

ಮಗಳು ಇದನ್ನು ಪೂರ್ತಿ ಒಪ್ಪಿದಂತಿಲ್ಲ. ನೋಟುಪುಸ್ತಕದಲ್ಲಿ ಹೊಸ ತೊಟ್ಟಿಗೆಂದು ಗೆರೆ ಹೊಡೆದಿದ್ದಾಳೆ. ದಿನಾಂಕ, ಉಷ್ಣತೆ, ಲವಣಾಂಶ, ಅಮೋನಿಯ ಎಂದು ನಾಲ್ಕು ಅಂಕಣ. ಐದನೆಯದೊಂದನ್ನು ಹೆಸರಿಡದೆ ಬಿಟ್ಟಿದ್ದಾಳೆ. ಏಕೆಂದು ನಾನು ಇನ್ನೂ ಕೇಳಿಲ್ಲ.