ರಕ್ತದ ವೇಗ ಹೇಳುವ ಮುನ್ಸೂಚನೆ

ಲಕ್ವ ಎಂದೊಡನೆ ನಿಮಗೆ ನೆನಪಾಗುವುದು ವಯಸ್ಸಾದವರು, ಅಲ್ಲವೆ? ಆದರೆ ಐದಾರು ವರ್ಷದ ಮಗುವಿಗೂ ಲಕ್ವ ಹೊಡೆಯಬಹುದು. ಸಿಕಲ್ ಸೆಲ್ ಎಂಬ ಆನುವಂಶಿಕ ರಕ್ತರೋಗವಿರುವ ಮಕ್ಕಳಿಗೆ ಈ ಅಪಾಯ ಹೆಚ್ಚು. ಈ ರೋಗದಲ್ಲಿ ಆಮ್ಲಜನಕ ಬಿಟ್ಟುಕೊಟ್ಟ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುತ್ತವೆ. ಮಿದುಳಿಗೆ ರಕ್ತ ಒಯ್ಯುವ ಅಪಧಮನಿಗಳ ಒಳಗೋಡೆ ಕೆಟ್ಟು, ನಾಳ ಕಿರಿದಾಗುತ್ತದೆ. ಮಗು ಮಾತ್ರ ಎಂದಿನಂತೆ ಆಡಿಕೊಂಡಿರುತ್ತದೆ. ಹಾಗಾದರೆ ಅಪಾಯವನ್ನು ಮೊದಲೇ ತಿಳಿಯುವುದು ಹೇಗೆ?

ಇದಕ್ಕಾಗಿ ತಲೆ ತೆರೆಯಬೇಕಿಲ್ಲ, ಸೂಜಿ ಚುಚ್ಚಬೇಕಿಲ್ಲ. ಕಣ್ಣಿಗೂ ಕಿವಿಗೂ ನಡುವಿನ ಕಣತಲೆಯನ್ನು ಮುಟ್ಟಿಕೊಳ್ಳಿ. ಅಲ್ಲಿ ಮೂಳೆ ತೆಳು. 1982ರಲ್ಲಿ ರೂನ್ ಆಸ್ಲಿಡ್ ಮತ್ತು ಸಂಗಡಿಗರು ಈ ಮೂಳೆಯ ಮೂಲಕ ಶ್ರವಣಾತೀತ ಧ್ವನಿಯನ್ನು ಕಳಿಸಿ, ಮಿದುಳಿನ ಅಪಧಮನಿಯಲ್ಲಿ ರಕ್ತದ ವೇಗವನ್ನು ಅಳೆದು ತೋರಿಸಿದರು. ಎದುರಿಗೆ ಬರುವ ರೈಲಿನ ಸಿಳ್ಳು ಕೀಚಲಾಗಿ, ದೂರ ಸರಿಯುವಾಗ ತಗ್ಗಿ ಕೇಳಿಸುವುದನ್ನು ನೀವು ಗಮನಿಸಿರಬೇಕು. ಅದೇ ಡಾಪ್ಲರ್ ಪರಿಣಾಮ. ಹರಿಯುವ ರಕ್ತಕಣಗಳಿಗೆ ತಾಗಿ ಮರಳುವ ಧ್ವನಿಯ ಆವೃತ್ತಿಯೂ ಹೀಗೆಯೇ ಬದಲಾಗುತ್ತದೆ. ಆ ಬದಲಾವಣೆಯಿಂದ ವೇಗವನ್ನು ಲೆಕ್ಕ ಹಾಕುತ್ತಾರೆ.

ವೇಗ ಏಕೆ ಮುಖ್ಯ? ನೀರು ಬರುವ ಪೈಪಿನ ಬಾಯನ್ನು ಹೆಬ್ಬೆರಳಿನಿಂದ ಅರ್ಧ ಮುಚ್ಚಿ ನೋಡಿ, ನೀರು ರಭಸದಿಂದ ಚಿಮ್ಮುತ್ತದೆ. ಕಿರಿದಾದ ಅಪಧಮನಿಯಲ್ಲಿಯೂ ಹಾಗೆಯೇ. ಆರೋಗ್ಯವಂತ ಮಗುವಿನಲ್ಲಿ ಸೆಕೆಂಡಿಗೆ ಸುಮಾರು 100 ಸೆಂಟಿಮೀಟರ್ ಇರುವ ಸರಾಸರಿ ವೇಗ, ಸಿಕಲ್ ಸೆಲ್ ಮಗುವಿನಲ್ಲಿ 200 ಮುಟ್ಟಿದರೆ ಅಪಾಯ ಹತ್ತಿರವಿದೆ ಎಂದರ್ಥ.

ಅಮೆರಿಕದಲ್ಲಿ ರಾಬರ್ಟ್ ಆಡಮ್ಸ್ ಅವರ ತಂಡ ಇಂತಹ 130 ಮಕ್ಕಳ ಅಧ್ಯಯನವನ್ನು 1998ರಲ್ಲಿ ಪ್ರಕಟಿಸಿತು. ವಾಡಿಕೆಯ ಆರೈಕೆ ಪಡೆದ 67 ಮಕ್ಕಳಲ್ಲಿ 11 ಮಕ್ಕಳಿಗೆ ಲಕ್ವ ಹೊಡೆಯಿತು. ನಿಯಮಿತವಾಗಿ ದಾನಿಗಳ ರಕ್ತ ಪಡೆದ 63 ಮಕ್ಕಳಲ್ಲಿ ಒಂದು ಮಗುವಿಗೆ ಮಾತ್ರ. ವ್ಯತ್ಯಾಸ ಅಷ್ಟು ಸ್ಪಷ್ಟವಾಗಿದ್ದುದರಿಂದ ಪ್ರಯೋಗವನ್ನು ಅವಧಿಗೆ ಮೊದಲೇ ನಿಲ್ಲಿಸಿ, ಉಳಿದ ಮಕ್ಕಳಿಗೂ ರಕ್ತ ಪಡೆಯುವ ಅವಕಾಶ ನೀಡಲಾಯಿತು. ಒಂದು ವರ್ಷವಾದರೂ ರಕ್ತ ಪಡೆದ ಬಳಿಕ ಕೆಲವು ಮಕ್ಕಳಿಗೆ ಹೈಡ್ರಾಕ್ಸಿಯೂರಿಯಾ ಔಷಧಿಯೇ ಸಾಕಾಗುತ್ತದೆ ಎಂದು 2016ರ ಅಧ್ಯಯನ ತಿಳಿಸಿತು.

ಈ ರೋಗ ನಮಗೆ ದೂರದ್ದಲ್ಲ. ನೀಲಗಿರಿಯ ಬುಡಕಟ್ಟು ಜನರಲ್ಲಿ 1952ರಲ್ಲೇ ಕುಡುಗೋಲು ಕಣಗಳು ಪತ್ತೆಯಾದವು. 2023ರಲ್ಲಿ ಆರಂಭವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನ ಅಭಿಯಾನದಲ್ಲಿ ಕರ್ನಾಟಕವೂ ಸೇರಿದೆ. ರಕ್ತಪರೀಕ್ಷೆ ರೋಗವನ್ನು ಗುರುತಿಸುತ್ತದೆ. ಯಾವ ಮಗುವಿನ ಮಿದುಳಿಗೆ ಅಪಾಯ ಎಂಬುದನ್ನು ಅದು ಹೇಳದು. ಆದ್ದರಿಂದಲೇ ರೋಗದ ತೀವ್ರ ರೂಪವಿರುವ 2ರಿಂದ 16 ವರ್ಷದ ಮಕ್ಕಳಿಗೆ ವರ್ಷಕ್ಕೊಮ್ಮೆ ಈ ಪರೀಕ್ಷೆ ಆಗಬೇಕೆಂದು ತಜ್ಞರು ಹೇಳುತ್ತಾರೆ. ನಿಮ್ಮ ಪರಿಚಯದಲ್ಲಿ ಇಂತಹ ಮಗುವಿದ್ದರೆ, ವೈದ್ಯರನ್ನು ಇದರ ಬಗ್ಗೆ ಕೇಳುವಂತೆ ಮನೆಯವರಿಗೆ ತಿಳಿಸಿ.