ಎಂಬತ್ತು ಪಟ್ಟಿ, ಹತ್ತಾರು ಕೈ

ಬೋಂಡಾ ಕಟ್ಟಿಕೊಟ್ಟ ಕಾಗದವನ್ನು ಬಿಸಾಡುವ ಮೊದಲು ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಎಣ್ಣೆ ಹೀರಿದ ಜಾಗದಲ್ಲಿ ಆಚೆ ಬದಿಯ ಅಕ್ಷರವೂ ಕಾಣುತ್ತದೆ. ಕಾಗದ ಬೆಳ್ಳಗೆ ಕಾಣುವುದಕ್ಕೆ ಅದರ ನಾರುಗಳ ನಡುವೆ ಸಿಕ್ಕಿಕೊಂಡ ಗಾಳಿ ಕಾರಣ. ಬೆಳಕು ಗಾಳಿಯಿಂದ ನಾರಿಗೆ, ನಾರಿನಿಂದ ಗಾಳಿಗೆ ದಾಟುವಾಗಲೆಲ್ಲ ಇಷ್ಟಿಷ್ಟು ಚದುರುತ್ತ ಕೊನೆಗೆ ನಮ್ಮ ಕಣ್ಣಿಗೇ ಮರಳುತ್ತದೆ. ಗಾಳಿ ಇದ್ದಲ್ಲಿ ಎಣ್ಣೆ ಬಂದು ಕೂತರೆ ಈ ಚದುರಾಟ ನಿಲ್ಲುತ್ತದೆ. ಬೆಳಕನ್ನು ಬಾಗಿಸುವ ಗುಣಕ್ಕೆ ವಕ್ರೀಭವನ ಸೂಚ್ಯಂಕ ಎಂಬ ಅಳತೆಯಿದೆ. ಗಾಳಿಯದು 1, ಅಡುಗೆ ಎಣ್ಣೆಯದು ಸುಮಾರು 1.47, ಕಾಗದದ ನಾರಿನದು 1.5ರ ಆಸುಪಾಸು. ಎಣ್ಣೆಗೂ ನಾರಿಗೂ ನಡುವೆ ಬೇಲಿಯಿದೆ ಎಂಬುದೇ ಬೆಳಕಿಗೆ ಗೊತ್ತಾಗುವುದಿಲ್ಲ.

ಇದೇ ಆಟವನ್ನು ಹದಿನೇಳು ಅಡಿ ಉದ್ದಕ್ಕೆ ನೋಡಬೇಕೆಂದರೆ ಮರದ ಕಯಾಕ್ ಕಟ್ಟುವ ಗ್ಯಾರೇಜಿಗೆ ಹೋಗಬೇಕು. ಮಗುಚಿಟ್ಟ ಕೆಂಗಂದು ದೋಣಿಯ ಮೇಲೆ ಗಾಜಿನ ನೂಲಿನ ಬಟ್ಟೆ ಹಾಸಿರುತ್ತಾರೆ, ಮದುವೆ ಮನೆಯ ಅಡುಗೆಯವರು ಅನ್ನದ ರಾಶಿಗೆ ಬಿಳಿ ಪಂಚೆ ಹೊದಿಸಿದ ಹಾಗೆ. ಒಬ್ಬರು ಲೋಟದಿಂದ ಎಪಾಕ್ಸಿ ರಾಳ ಸುರಿಯುತ್ತಾರೆ, ಇನ್ನೊಬ್ಬರು ಪ್ಲಾಸ್ಟಿಕ್ ತುಂಡಿನಿಂದ ಅದನ್ನು ತಳ್ಳುತ್ತ ಹೋಗುತ್ತಾರೆ. ರಾಳ ತಾಗಿದಲ್ಲೆಲ್ಲ ಬಟ್ಟೆ ಕಣ್ಣೆದುರೇ ಕರಗಿ, ಕೆಳಗಿನ ಮರ ಜೇನಿನ ಬಣ್ಣದಲ್ಲಿ ಎದ್ದು ಬರುತ್ತದೆ. ಗಾಜಿನ ಸೂಚ್ಯಂಕ ಸುಮಾರು 1.55, ಎಪಾಕ್ಸಿಯದೂ ಹೆಚ್ಚುಕಡಿಮೆ ಅಷ್ಟೇ. ಎಲ್ಲಾದರೂ ಒಂದು ಬಿಳಿ ಮಚ್ಚೆ ಉಳಿದಿದ್ದರೆ ಅಲ್ಲಿ ರಾಳ ಸಾಲಲಿಲ್ಲ, ಗಾಳಿ ಉಳಿದಿದೆ ಎಂದರ್ಥ. ಬೇರೆ ಪರೀಕ್ಷಕರೇ ಬೇಡ. ಇವತ್ತೇ ಮೊದಲ ಸಲ ಕೆಲಸಕ್ಕೆ ಬಂದವರೂ ಬೆರಳು ತೋರಿಸಿ ತಪ್ಪು ಹೇಳಬಹುದು.

ಅಮೆರಿಕ, ಕೆನಡಾ, ಬ್ರಿಟನ್ನುಗಳಲ್ಲಿ ಚಳಿಗಾಲಕ್ಕೆ ಕಾರನ್ನು ಹೊರಗೆ ನಿಲ್ಲಿಸಿ ಗ್ಯಾರೇಜಿನೊಳಗೆ ದೋಣಿ ಕಟ್ಟುವ ಹವ್ಯಾಸಿಗಳು ಬೇಕಾದಷ್ಟು ಜನ. ಅವರಲ್ಲಿ ಕೆಲವರು ಕಟ್ಟಿದ್ದನ್ನು ತಾವಿಟ್ಟುಕೊಳ್ಳುವುದಿಲ್ಲ. ಕಾಯಿಲೆಯೊಂದರ ಸಂಶೋಧನೆಗೋ ಯಾರದೋ ಮಗುವಿನ ಚಿಕಿತ್ಸೆಗೋ ಹಣ ಕೂಡಿಸಲು ಅದನ್ನು ರಾಫಲ್‌ಗೆ ಇಡುತ್ತಾರೆ. ಟಿಕೆಟ್ ಕೊಂಡವರ ಹೆಸರು ಡಬ್ಬಿಗೆ, ಚೀಟಿ ಎತ್ತಿದಾಗ ಬಂದವರಿಗೆ ದೋಣಿ. ಮರದ ವ್ಯಾಪಾರಿ ಹಲಗೆ ಕೊಡುತ್ತಾನೆ, ರಾಳ ಮಾರುವವನು ಡಬ್ಬ ಕೊಡುತ್ತಾನೆ, ನೆರೆಹೊರೆಯವರು ಸಂಜೆ ಎರಡು ಗಂಟೆ ಕೊಡುತ್ತಾರೆ. ನಮ್ಮ ಕರಾವಳಿಯಲ್ಲಿ ಬ್ರಹ್ಮಕಲಶದ ಹೊತ್ತಿಗೆ ದೇವಸ್ಥಾನಕ್ಕೆ ಹೊರೆಕಾಣಿಕೆ ಬರುತ್ತದಲ್ಲ, ಥೇಟ್ ಹಾಗೆ.

ನನಗೆ ಕುತೂಹಲ ಹುಟ್ಟಿಸಿದ್ದು ಇವರ ಔದಾರ್ಯಕ್ಕಿಂತ ಹೆಚ್ಚಾಗಿ ದೋಣಿಯೇ. ಉಳಿ ಹಿಡಿದು ಗೊತ್ತಿಲ್ಲದ ಹತ್ತು ಜನರನ್ನು ಸೇರಿಸಿ ಕುರ್ಚಿ ಮಾಡಿಸಿ ನೋಡಿ, ನಾಲ್ಕು ಕಾಲೂ ನೆಲಕ್ಕೆ ತಾಗುವ ಕುರ್ಚಿ ಸಿಗುವುದು ಕಷ್ಟ. ನೀರು ಸೋರದ, ನೆಟ್ಟಗೆ ಸಾಗುವ, ಕಣ್ಣು ಕೀಳಲಾಗದಷ್ಟು ಚೆಂದದ ಕಯಾಕ್ ಅಂಥವರ ಕೈಯಲ್ಲಿ ಹೇಗೆ ಮೂಡುತ್ತದೆ?

ಮೂಲದಲ್ಲಿ ಅದು ಒಬ್ಬನೇ ಕಟ್ಟಿಕೊಳ್ಳುತ್ತಿದ್ದ ವಾಹನ. ಗ್ರೀನ್‌ಲ್ಯಾಂಡ್, ಅಲಾಸ್ಕಾ, ಅಲ್ಯೂಷಿಯನ್ ದ್ವೀಪಗಳ ಬೇಟೆಗಾರರಿಗೆ ಮರವೇ ಅಪರೂಪ. ಸಮುದ್ರ ತಂದು ದಡಕ್ಕೆ ಹಾಕಿದ ತುಂಡುಗಳಿಂದ ಹಂದರ ಕಟ್ಟಿ, ಮೇಲೆ ಸೀಲ್ ಚರ್ಮ ಬಿಗಿಯುತ್ತಿದ್ದರು. ಅಳತೆ ಅವರವರ ಮೈಯದೇ. ಗ್ರೀನ್‌ಲ್ಯಾಂಡಿನ ರೂಢಿಯಲ್ಲಿ ಉದ್ದ ಸುಮಾರು ಮೂರು ಮಾರು, ಅಗಲ ಕೂರುವವನ ಸೊಂಟ ಮತ್ತು ಎರಡು ಮುಷ್ಟಿ. ಎರಡೂ ಕೈ ಚಾಚಿದರೆ ಒಂದು ಮಾರು ಎಂದು ಹೂ ಅಳೆದು ಕೊಳ್ಳುವ ನಮಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಹರಿಗೋಲೂ ಇದೇ ಜಾತಿಯದು. ಬಿದಿರಿನ ಹಂದರ, ಮೇಲೆ ತೊಗಲು. ಈಗ ತೊಗಲಿನ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಬಂದಿದೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಬುಟ್ಟಿಯಂತೆ ದುಂಡಗಿದ್ದ ಈ ದೋಣಿಗಳು ನೆಟ್ಟಗೆ ಹೋಗದೆ ಸದಾ ಸುತ್ತುತ್ತಲೇ ಇರುತ್ತವೆ ಎಂದು ಬರೆದಿಟ್ಟಿದ್ದಾನೆ. ಹಂಪಿಯಲ್ಲಿ ಕೂತವರಿಗೆ ಇವತ್ತೂ ಅದೇ ಅನುಭವ. ಹುಟ್ಟನ್ನು ಒಂದು ಬದಿಯಲ್ಲಿ ಎಳೆದಾಗ ದೋಣಿ ಮುಂದೆ ಹೋಗುವುದರ ಜೊತೆಗೆ ತಿರುಗಲೂ ನೋಡುತ್ತದೆ. ಉದ್ದ ದೋಣಿ ತಿರುಗಬೇಕಾದರೆ ಎರಡೂ ತುದಿಗಳು ದೂರದಲ್ಲಿ ನಿಂತು ನೀರನ್ನು ಅಡ್ಡಕ್ಕೆ ತಳ್ಳಬೇಕು, ನೀರು ಅದಕ್ಕೆ ಒಪ್ಪುವುದಿಲ್ಲ. ದುಂಡು ದೋಣಿಗೆ ತುದಿಯೇ ಇಲ್ಲವಲ್ಲ, ತಡೆಯುವವರು ಯಾರು? ಬದಲಿಗೆ ಹರಿಗೋಲು ಸುಲಭಕ್ಕೆ ಮಗುಚುವುದಿಲ್ಲ. ಕಯಾಕಿನ ಕಿರಿದಾದ ಸೊಂಟ ಆ ನೆಮ್ಮದಿಯನ್ನು ಬಿಟ್ಟುಕೊಟ್ಟು ವೇಗವನ್ನು ಪಡೆದಿದೆ.

ಹವ್ಯಾಸಿಗಳು ಇಂದು ಕಟ್ಟುವ ಪಟ್ಟಿ ಕಯಾಕಿಗೆ ಹಂದರವೇ ಇಲ್ಲ. ಮೊಟ್ಟೆಯ ಚಿಪ್ಪಿನಂತೆ ಹೊರಮೈಯೇ ಭಾರ ಹೊರಬೇಕು. ಮೊದಲಿಗೆ ಉದ್ದನೆಯ ನೆಟ್ಟಗಿನ ತೊಲೆಯೊಂದರ ಮೇಲೆ ಅಡಿಗೊಂದರಂತೆ ಪ್ಲೈವುಡ್ ಅಚ್ಚುಗಳನ್ನು ನಿಲ್ಲಿಸುತ್ತಾರೆ. ದೋಣಿಯನ್ನು ಬ್ರೆಡ್ಡಿನಂತೆ ಅಡ್ಡಡ್ಡ ಕೊಯ್ದರೆ ಒಂದೊಂದು ಹೋಳೂ ಯಾವ ಆಕಾರದಲ್ಲಿರುತ್ತದೋ ಅದೇ ಆಕಾರ ಅಚ್ಚಿನದು. ಇಡೀ ಕೆಲಸದಲ್ಲಿ ನಿಜವಾದ ನಿಖರತೆ ಬೇಕಾದದ್ದು ಇಲ್ಲಿ ಮಾತ್ರ, ಅದನ್ನು ಬಲ್ಲವರೊಬ್ಬರು ಮಾಡಿಟ್ಟರೆ ಸಾಕು. ಆಮೇಲೆ 6 ಮಿಲಿಮೀಟರ್ ದಪ್ಪ, 19 ಮಿಲಿಮೀಟರ್ ಅಗಲದ ಸೀಡರ್ ಪಟ್ಟಿಗಳನ್ನು ಅಚ್ಚುಗಳ ಮೇಲೆ ಬಾಗಿಸಿ ಒಂದರ ಪಕ್ಕ ಒಂದು ಅಂಟಿಸುತ್ತ ಹೋಗುವುದು. ದೋಣಿಯ ನಡುವಿನ ಸುತ್ತಳತೆ ಒಂದೂವರೆ ಮೀಟರ್ ಎಂದಿಟ್ಟುಕೊಂಡರೆ ಸುಮಾರು 80 ಪಟ್ಟಿ. ಪ್ರತಿ ಪಟ್ಟಿಯ ಒಂದು ಅಂಚು ಉಬ್ಬು, ಇನ್ನೊಂದು ತಗ್ಗು. ಮೈ ಎಷ್ಟು ತಿರುಗಿದರೂ ಉಬ್ಬು ತಗ್ಗಿನೊಳಗೆ ಕೂತು ಸಂದಿ ಮುಚ್ಚುತ್ತದೆ.

ಅಂಟು ಏನೂ ವಿಶೇಷದ್ದಲ್ಲ. ನಮ್ಮ ಬಡಗಿಗಳು ಬಳಸುವ ಫೆವಿಕಾಲ್ ಜಾತಿಯ ಬಿಳಿ ಗೋಂದು. ಹಚ್ಚಿ, ಪಟ್ಟಿ ಒತ್ತಿ, ಸ್ಟೇಪ್ಲರ್ ಪಿನ್ ಹೊಡೆದು ಬಿಟ್ಟರೆ ಗೋಂದು ಒಣಗುವ ತನಕ ಮುಂದಿನ ಪಟ್ಟಿಗೆ ಕೈ ಹಾಕುವಂತಿಲ್ಲ. ಒಂದು ಸಂಜೆಗೆ ಎರಡೂ ಬದಿ ಸೇರಿ ನಾಲ್ಕಾರು ಪಟ್ಟಿ ಆದರೆ ಹೆಚ್ಚು. ಒಬ್ಬಂಟಿಗೆ ಬೇಸರ ತರುವ ಈ ಕಾಯುವಿಕೆಯೇ ಹತ್ತು ಜನರ ಗುಂಪಿಗೆ ವರ. ದಿನಕ್ಕೊಬ್ಬರು ಆಫೀಸು ಮುಗಿಸಿ ಬಂದು ಎರಡು ಪಟ್ಟಿ ಅಂಟಿಸಿ, ಕಾಫಿ ಕುಡಿದು ಹೋಗಬಹುದು. ಪಟ್ಟಿ ವಕ್ರವಾಗಿ ಕೂತಿದ್ದರೂ ನಾಳೆ ಬರುವವರು ಕೀಸುಳಿ ಹಿಡಿದು ಸರಿಮಾಡುತ್ತಾರೆ. ಉಳಿದದ್ದಕ್ಕೆ ಉಪ್ಪುಕಾಗದ ಇದೆ. ವಾರಗಟ್ಟಲೆ ಉಜ್ಜುವ ಆ ಕೆಲಸದ ಬಗ್ಗೆ ಯಾರೂ ಒಳ್ಳೆಯ ಮಾತಾಡಿದ್ದನ್ನು ನಾನು ಕೇಳಿಲ್ಲ. ಅದರಲ್ಲಿ ಅಪಾಯವೂ ಇದೆ. ವೆಸ್ಟರ್ನ್ ರೆಡ್ ಸೀಡರ್ ಮರದಲ್ಲಿರುವ ಪ್ಲಿಕ್ಯಾಟಿಕ್ ಆಮ್ಲ ಕೆಲವರಿಗೆ ಆಸ್ತಮಾ ತರುತ್ತದೆ. ಹಾಗಾಗಿ ಮುಖಗವಸು ಇಲ್ಲದೆ ದೂಳಿನ ಹತ್ತಿರ ಸುಳಿಯುವಂತಿಲ್ಲ.

ಹಾಗಿದ್ದರೂ ಆ ಮರವೇ ಯಾಕೆ ಬೇಕು? ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಬೆಳೆಯುವ ಈ ಮರ ಒಣಗಿದ ಮೇಲೆ ಘನ ಮೀಟರಿಗೆ ಸುಮಾರು 370 ಕಿಲೋ ತೂಗುತ್ತದೆ. ತೇಗ ಹೆಚ್ಚುಕಡಿಮೆ 650. ಮರದ ಕೋಶಗಳ ಗೋಡೆಯನ್ನು ಮಾತ್ರ ಬೇರ್ಪಡಿಸಿ ತೂಗಿದರೆ ಘನ ಮೀಟರಿಗೆ 1500 ಕಿಲೋ ಬರುತ್ತದೆ. ಅಂದರೆ ಗೋಡೆಯ ವಸ್ತು ನೀರಿನಲ್ಲಿ ಮುಳುಗುವಂಥದ್ದು, ತೇಲಿಸುವುದು ಕೊಳವೆಗಳೊಳಗಿನ ಗಾಳಿ. ಭಾಗಿಸಿ ನೋಡಿದರೆ ಸೀಡರ್ ಹಲಗೆಯ ಮುಕ್ಕಾಲು ಪಾಲು ಬರೀ ಖಾಲಿ ಜಾಗ. ಆದರೆ ಹಗುರಕ್ಕೆ ಬೆಲೆ ತೆರಬೇಕು. 6 ಮಿಲಿಮೀಟರಿನ ಪಟ್ಟಿ ಎಳೆಯ ಗುಂಟ ಸುಲಭವಾಗಿ ಸೀಳುತ್ತದೆ, ಉಗುರಿನಿಂದ ಒತ್ತಿದರೆ ಗುರುತು ಬೀಳುತ್ತದೆ. ಬರಿಯ ಮರದ ಆ ಚಿಪ್ಪನ್ನು ಕಲ್ಲಿಗೆ ತಾಗಿಸಿದರೆ ಅಲ್ಲಿಗೆ ಮುಗಿಯಿತು.

ಇಲ್ಲಿ ನೆರವಿಗೆ ಬರುವುದೇ ಆ ಮಾಯವಾದ ಬಟ್ಟೆ. ಚದರ ಮೀಟರಿಗೆ 200 ಗ್ರಾಂ ತೂಗುವ ಗಾಜಿನ ಬಟ್ಟೆಯನ್ನು ಚಿಪ್ಪಿನ ಒಳಗೂ ಹೊರಗೂ ಅಂಟಿಸುತ್ತಾರೆ. ರಾಳ ಕುಡಿದು ಗಟ್ಟಿಯಾದಾಗ ಅದರ ದಪ್ಪ ಸುಮಾರು ಕಾಲು ಮಿಲಿಮೀಟರ್. ಯಾವುದೇ ಹಲಗೆಯನ್ನು ಬಾಗಿಸಿದಾಗ ಒಂದು ಮೈ ಹಿಗ್ಗಲು, ಇನ್ನೊಂದು ಮೈ ಕುಗ್ಗಲು ನೋಡುತ್ತದೆ. ನಡುಭಾಗಕ್ಕೆ ಹೆಚ್ಚು ಕೆಲಸವಿಲ್ಲ. ಆದ್ದರಿಂದ ಬಲವಾದದ್ದನ್ನು ಎರಡು ಮೈಗಳಿಗೆ ಕೊಟ್ಟು, ನಡುವೆ ಹಗುರವಾದದ್ದನ್ನು ತುಂಬಿದರೆ ಸಾಕು. ನಡುವಿನದರ ಕೆಲಸ ಎರಡು ಮೈಗಳನ್ನು ದೂರ ದೂರ ಹಿಡಿದಿಡುವುದು. ಮೈಗಳ ನಡುವಿನ ಅಂತರ ಎರಡರಷ್ಟಾದರೆ ಬಾಗದಿರುವ ಗುಣ ಸುಮಾರು ನಾಲ್ಕರಷ್ಟಾಗುತ್ತದೆ. ಟಿವಿ, ಫ್ರಿಜ್ಜು ಬರುವ ರಟ್ಟಿನ ಪೆಟ್ಟಿಗೆಯನ್ನು ಹರಿದು ನೋಡಿ: ಎರಡು ಹಾಳೆ, ನಡುವೆ ಅಲೆಅಲೆಯ ಕಾಗದ. ಮೂರನ್ನೂ ಬೇರೆ ಮಾಡಿದರೆ ಒಂದಕ್ಕೂ ಬಲವಿಲ್ಲ.

ಎರಡನೇ ಮಹಾಯುದ್ಧದ ಮಸ್ಕಿಟೊ ವಿಮಾನದ ಒಡಲೂ ಇದೇ ತತ್ವದ್ದು. ಬರ್ಚ್ ಪ್ಲೈವುಡ್ಡಿನ ಎರಡು ಪದರ, ನಡುವೆ ಬಾಲ್ಸಾ ಮರ, ಅಚ್ಚಿನ ಮೇಲೆ ಬಾಗಿಸಿ ಅಂಟಿಸಿದ್ದು. 1940ರ ನವೆಂಬರ್ 25ರಂದು ಮೊದಲ ಬಾರಿ ಹಾರಿದ ಆ ವಿಮಾನದ ಭಾಗಗಳನ್ನು ಬ್ರಿಟನ್ನಿನ ಮೇಜು-ಕುರ್ಚಿ ಮಾಡುವವರು ತಯಾರಿಸಿಕೊಟ್ಟರು. ಆರಂಭದಲ್ಲಿ ಬಳಸಿದ ಅಂಟು ಹಾಲಿನ ಕೇಸೀನ್‌ನಿಂದ ಮಾಡಿದ್ದು ಎಂದರೆ ಈಗ ನಂಬುವುದು ಕಷ್ಟ.

ಎಪಾಕ್ಸಿ ನಮಗೆ ಅಪರಿಚಿತವೇನಲ್ಲ. ಒಡೆದ ಕಪ್ಪಿನ ಹಿಡಿಗೆ ಅರಾಲ್ಡೈಟಿನ ಎರಡು ಟ್ಯೂಬ್ ಹಿಂಡಿ ಕಲಸುತ್ತೇವಲ್ಲ, ಅದೇ. ಒಂದರಲ್ಲಿ ರಾಳ, ಇನ್ನೊಂದರಲ್ಲಿ ಅದನ್ನು ಗಟ್ಟಿಮಾಡುವ ದ್ರವ್ಯ. ಎರಡರ ಅಣುಗಳು ಕೈಕೈ ಹಿಡಿದು ಬಲೆಯಾಗುತ್ತವೆ, ಆಗ ಶಾಖ ಹೊರಬರುತ್ತದೆ. ಹೊಸಬರು ಎಡವುವುದು ಇಲ್ಲಿಯೇ. ಲೋಟದಲ್ಲಿ ಅರ್ಧ ಲೀಟರ್ ಕಲಸಿಟ್ಟುಕೊಂಡು ಮಾತಿಗೆ ನಿಂತರೆ ಶಾಖ ಹೊರಹೋಗಲು ದಾರಿ ಕಾಣದೆ ಕ್ರಿಯೆ ಇನ್ನೂ ಚುರುಕಾಗಿ, ಮತ್ತಷ್ಟು ಶಾಖ ಹುಟ್ಟಿ, ಕೊನೆಗೆ ಲೋಟ ಹೊಗೆಯಾಡುತ್ತದೆ. ಬಿಸಿ ಅನ್ನವನ್ನು ತಟ್ಟೆಗೆ ಹರವಿದರೆ ಬೇಗ ಆರುವ ಹಾಗೆ, ಅದೇ ರಾಳವನ್ನು ಬಟ್ಟೆಯ ಮೇಲೆ ತೆಳ್ಳಗೆ ಹರಡಿದರೆ ತಣ್ಣಗೆ, ನಿಧಾನಕ್ಕೆ ಗಟ್ಟಿಯಾಗುತ್ತದೆ. ಅದಕ್ಕೇ ಒಬ್ಬರು ಸ್ವಲ್ಪಸ್ವಲ್ಪವೇ ಕಲಸುತ್ತ ಇರುತ್ತಾರೆ, ಇಬ್ಬರು ಹರಡುತ್ತಾರೆ. ಒಂಟಿ ಮನುಷ್ಯನಿಗೆ ಇದು ಗಡಿಯಾರದೊಡನೆ ಓಟ, ಮೂವರಿಗೆ ಹರಟೆಯ ನಡುವೆ ಆಗಿಹೋಗುವ ಕೆಲಸ.

ಹೊತ್ತನ್ನೂ ನೋಡಬೇಕು. ಬೆಳಗ್ಗೆ ಹಚ್ಚಿದರೆ ಏರುವ ಬಿಸಿಗೆ ಮರದ ಕೊಳವೆಗಳ ಗಾಳಿ ಹಿಗ್ಗಿ, ರಾಳದಲ್ಲಿ ಗುಳ್ಳೆ ಎಬ್ಬಿಸುತ್ತದೆ. ಸಂಜೆ ತಂಪಾಗುವಾಗ ಹಚ್ಚಿದರೆ ಕುಗ್ಗುವ ಗಾಳಿ ರಾಳವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ನೌಕರಿಯವರಿಗೆ ಬಿಡುವಾಗುವುದೂ ಸಂಜೆಗೇ.

ಸಾಮಾನ್ಯರ ಕೈಗೆ ದೋಣಿ ಕೊಟ್ಟ ಇನ್ನೊಂದು ಉಪಾಯ ಹೊಲಿಗೆ. ಪ್ಲೈವುಡ್ ಹಾಳೆಗಳ ಅಂಚಿಗೆ ತೂತು ಕೊರೆದು ತಾಮ್ರದ ತಂತಿಯಿಂದ ಹೊಲಿದು, ಸಂದಿಗೆ ಗಾಜಿನ ಪಟ್ಟಿ ಅಂಟಿಸುವುದು. ತೆಂಗಿನ ಹುರಿಯಿಂದ ಹಲಗೆ ಹೊಲಿಯುತ್ತಿದ್ದ ಪಶ್ಚಿಮ ಕರಾವಳಿಯವರಿಗೆ ಇದರಲ್ಲಿ ಹೊಸತೇನಿದೆ ಅನ್ನಿಸಬಹುದು. ಆದರೆ ಇಲ್ಲಿ ಹೊಲಿಗೆ ತಾತ್ಕಾಲಿಕ, ಭಾರ ಹೊರುವುದು ಅಂಟು. 1963ರಲ್ಲಿ ಬ್ರಿಟನ್ನಿನ ಡೇಲಿ ಮಿರರ್ ಪತ್ರಿಕೆಯ ಹೆಸರಿನಲ್ಲಿ ಬಂದ ಮಿರರ್ ಎಂಬ ಪುಟ್ಟ ಹಾಯಿದೋಣಿ ಇದೇ ಬಗೆಯದು. ಹೀಗೆ 70,000ಕ್ಕೂ ಹೆಚ್ಚು ದೋಣಿಗಳಾದವು, ಬಹಳಷ್ಟು ಮನೆಗಳ ಹಿತ್ತಿಲಲ್ಲೇ. 2009ರಲ್ಲಿ ಸ್ಕಾಟ್ಲೆಂಡಿನ ಆನ್‌ಸ್ಟ್ರದರ್ ಊರಿನ ಮೀನುಗಾರಿಕೆ ಮ್ಯೂಸಿಯಂ, ಇಯನ್ ಔಟ್ರೆಡ್ ಎಂಬ ವಿನ್ಯಾಸಕಾರನಿಂದ ಸೇಂಟ್ ಐಲ್ಸ್ ಸ್ಕಿಫ್ ಎಂಬ 22 ಅಡಿಯ ಹುಟ್ಟುದೋಣಿಯ ವಿನ್ಯಾಸ ಮಾಡಿಸಿತು. ಹಲಗೆಗಳನ್ನು ಕತ್ತರಿಸಿಕೊಟ್ಟ ಕಿಟ್ ತರಿಸಿಕೊಂಡು, ಚಂದಾ ಎತ್ತಿ, ಊರವರೇ ಕಟ್ಟಬೇಕು. ಒಂದೊಂದಾಗಿ ಕರಾವಳಿಯ ಊರುಗಳು ಕಟ್ಟಿದವು. 2013ರಲ್ಲಿ ಉಲ್ಲಾಪೂಲ್‌ನಲ್ಲಿ ಅವುಗಳ ವಿಶ್ವ ಸ್ಪರ್ಧೆಯೇ ನಡೆಯಿತು.

ರಾಫಲ್ ಕಯಾಕಿನ ಹಣಕಾಸು ಸರಳ. ಸಾಮಾನಿಗೆ ಬೆಲೆಯಿದೆ, ನೂರಾರು ಗಂಟೆಯ ದುಡಿಮೆಗೆ ಇಲ್ಲ. ಕೂಲಿ ಲೆಕ್ಕ ಹಾಕಿದರೆ ಇಂಥ ದೋಣಿಯನ್ನು ಕೊಳ್ಳುವವರು ಕಡಿಮೆ. ಕೂಲಿ ಬಿಟ್ಟುಕೊಟ್ಟಾಗ ಆ ಮೊತ್ತವೇ ನಿಧಿಗೆ ಹೋಗುತ್ತದೆ. ಅಮೆರಿಕದಲ್ಲೂ ರಾಫಲ್ ನಡೆಸಲು ಆಯಾ ರಾಜ್ಯದ ಕಾನೂನು ನೋಡಿಕೊಳ್ಳಬೇಕು. 2007ರಿಂದ ಲಾಟರಿ ನಿಷೇಧವಿರುವ ಕರ್ನಾಟಕದಲ್ಲಿ ಯಾರಾದರೂ ಇದನ್ನು ಮಾಡಹೊರಟರೆ ಚರ್ಚಿನ ಹಬ್ಬಗಳಲ್ಲಿ ತರಕಾರಿ ಏಲಂ ಹಾಕುವ ನಮ್ಮ ಕ್ರಮವೇ ವಾಸಿ.

ಕೊನೆಗೆ ವಾರ್ನಿಷ್. ಬಿಸಿಲಿನ ನೇರಳಾತೀತ ಕಿರಣಕ್ಕೆ ಎಪಾಕ್ಸಿ ಹಾಳಾಗುತ್ತದೆ, ಅದನ್ನು ತಡೆಯುವ ವಾರ್ನಿಷ್ ಮೂರು ನಾಲ್ಕು ಸಲ ಹಚ್ಚಬೇಕು. ಈಗ ತೂಕ ನೋಡೋಣ. ಮೈಯ ವಿಸ್ತೀರ್ಣ ನಾಲ್ಕೂವರೆ ಚದರ ಮೀಟರ್ ಎಂದುಕೊಂಡರೆ ಮರ 10 ಕಿಲೋ, ಎರಡೂ ಬದಿಯ ಗಾಜಿನ ಬಟ್ಟೆ 2 ಕಿಲೋದೊಳಗೆ, ಮಿಕ್ಕದ್ದು ರಾಳ, ಸೀಟು, ಹಗ್ಗ. ಎಲ್ಲ ಸೇರಿ 20 ಕಿಲೋದ ಆಸುಪಾಸು. ಒಳಮೈಗೆ ಬಟ್ಟೆ ಹಾಸುವ ಮೊದಲು ಕೆಲಸ ಮಾಡಿದವರೆಲ್ಲ ಮರದ ಮೇಲೆ ಪೆನ್ಸಿಲ್ಲಿನಲ್ಲಿ ಹೆಸರು ಬರೆಯುವುದುಂಟು. ರಾಳದಡಿ ಸಿಕ್ಕಿದ ಆ ಅಕ್ಷರ ನೀರಿಗೆ ಅಳಿಸುವುದಿಲ್ಲ. ಚೀಟಿಯಲ್ಲಿ ಹೆಸರು ಬಂದವರು, ಅವರು ಅದುವರೆಗೆ ಕಯಾಕ್ ಮುಟ್ಟಿಯೇ ಇರದಿದ್ದರೂ, ಅದನ್ನು ಒಬ್ಬರೇ ಹೆಗಲಿಗೇರಿಸಿ ಕೆರೆದಂಡೆಗೆ ಒಯ್ಯಬಹುದು. ಮೊಣಕಾಲುದ್ದ ನೀರಿನಲ್ಲೇ ಕೂತು ನೋಡುವುದು ಒಳ್ಳೆಯದು. ಸೊಂಟದ ಎರಡೂ ಬದಿ ಒಂದೊಂದು ಮುಷ್ಟಿ ಜಾಗವಷ್ಟೇ ಇರುತ್ತದೆ, ಮೊದಲ ಸಲ ಎಲ್ಲರೂ ಅಲುಗುತ್ತಾರೆ.